ಆಡುವ ಕಥೆ, ನೋಡುವ ಕಥೆ

ಹೆಸರಾಂತ ಕಾದಂಬರಿಯೊಂದು ಚಲನಚಿತ್ರವಾದಾಗ ಓದುಗರ ಮನೆಗಳಲ್ಲಿ ಒಂದು ಜಗಳ ಹುಟ್ಟುವುದುಂಟು. ಕಾದಂಬರಿಯೇ ಮೇಲೆಂದು ತಾಯಿ, ಚಿತ್ರವೇ ಮೇಲೆಂದು ಮಗಳು. ಅದು ಒಳ್ಳೆಯ ಜಗಳವೇ ಸರಿ. ಎರಡು ಪಕ್ಷಕ್ಕೂ ಹೇಳಿಕೊಳ್ಳಲು ಏನಾದರೊಂದು ಇರುತ್ತದೆ. ಆದರೆ ಹೊಡೆದಾಟದ ವಿಡಿಯೋ ಆಟವೊಂದು ಚಲನಚಿತ್ರವಾದಾಗ ಈ ಜಗಳಕ್ಕೂ ಎಡೆಯಿಲ್ಲದಂತಾಗುವುದೇ ಹೆಚ್ಚು. ಆಟವನ್ನು ರಾತ್ರಿ ಹಗಲೆನ್ನದೆ ಆಡಿದ ಮಗ ‘ಇದು ನಮ್ಮ ಆಟವೇ ಅಲ್ಲ’ ಎಂದು ಮುಖ ತಿರುಗಿಸುತ್ತಾನೆ. ಆಟದ ಗಾಳಿಯೂ ಸೋಕದ ತಂದೆ ‘ಇದರಲ್ಲಿ ಕಥೆಯೆಲ್ಲಿದೆ?’ ಎಂದು ಆಕಳಿಸುತ್ತಾನೆ. ತಂದೆ ಮಕ್ಕಳು ಒಂದೇ ಅಭಿಪ್ರಾಯಕ್ಕೆ ಬರುವ ಅಪೂರ್ವ ಸಂದರ್ಭಗಳಲ್ಲಿ ಇದೂ ಒಂದು.

ಕೋಟಿಗಟ್ಟಲೆ ಜನ ಆಡಿ ಮೆಚ್ಚಿದ ಆಟ. ನೀರಿನಂತೆ ಹರಿದ ಹಣ. ನುರಿತ ನಟರು, ನಿರ್ದೇಶಕರು. ಎಲ್ಲವೂ ಇದ್ದು ಕೊರತೆ ಬಿದ್ದುದೇನು? ‘ಆಟದಲ್ಲಿ ಕಥೆಯಿಲ್ಲ, ಆದ್ದರಿಂದ ಚಿತ್ರದಲ್ಲಿಯೂ ಇಲ್ಲ’ ಎನ್ನುವುದು ಹಿರಿಯರು ತಂದುಕೊಳ್ಳುವ ಸುಲಭವಾದ ಸಮಾಧಾನ. 1980ರ ದಶಕದ ಆಟಗಳ ಮಟ್ಟಿಗೆ ಈ ಮಾತು ಸಲ್ಲಬಹುದು. ಈಚಿನ ಆಟಗಳಲ್ಲಿ ಕಥೆಗೆ ಬಡತನವಿಲ್ಲ; ಪಾತ್ರ, ಸಂಭಾಷಣೆ, ಸಂಗೀತ ಯಾವುದಕ್ಕೂ ಬಡತನವಿಲ್ಲ. ಆದುದರಿಂದ ಕಾರಣವನ್ನು ಬೇರೆ ಕಡೆ ಅರಸಬೇಕು.

ಅದನ್ನು ವ್ಯಾಕರಣದಿಂದ ಆರಂಭಿಸುವುದು ಲೇಸೆಂದು ನನಗೆ ತೋರುತ್ತದೆ. ಆಟದಲ್ಲಿ ಮುಳುಗಿರುವ ಹುಡುಗನನ್ನು ಊಟಕ್ಕೆ ಕರೆದು ನೋಡಿ. ‘ತಾಳಮ್ಮ, ನಾನು ಸತ್ತೆ, ಇನ್ನೊಂದು ಲೈಫಿದೆ’ ಎನ್ನುತ್ತಾನೆ. ‘ಸಾಯು’ ಎಂಬ ಧಾತುವಿಗೆ ಉತ್ತಮ ಪುರುಷದ ಭೂತಕಾಲದ ರೂಪವನ್ನು ನಮ್ಮ ವ್ಯಾಕರಣ ಎಂದಿನಿಂದಲೋ ಸಿದ್ಧವಾಗಿ ಇಟ್ಟಿತ್ತು. ಹಾಸ್ಯಕ್ಕೋ ಉದ್ವೇಗಕ್ಕೋ ಅಲ್ಲದೆ, ನಡೆದ ಸಂಗತಿಯ ವರದಿಯಾಗಿ ಅದನ್ನು ದಿನಕ್ಕೆ ಹತ್ತು ಸಲ ಬಳಸುವ ಜನ ಈ ಆಟಗಳು ಬಂದ ಮೇಲೆ ಹುಟ್ಟಿದರು. ಅದೇ ಹುಡುಗ ಚಿತ್ರಮಂದಿರದಿಂದ ಬಂದಾಗ ‘ಅವನು ಸತ್ತ’ ಎನ್ನುತ್ತಾನೆ. ಆಟದಲ್ಲಿ ಕರ್ತೃಪದ ‘ನಾನು’, ಚಿತ್ರದಲ್ಲಿ ‘ಅವನು’. ಕ್ರಿಯೆ ಒಂದೇ ಆದರೂ ಪುರುಷ ಬದಲಾಯಿತು. ಈ ಚಿಕ್ಕ ಬದಲಾವಣೆಯಲ್ಲಿಯೇ ನಮ್ಮ ಸಮಸ್ಯೆಯೆಲ್ಲ ಅಡಗಿದೆ.

ಒಂದು ಪುಟ್ಟ ಕಥೆಯನ್ನು ಕೈಗೆತ್ತಿಕೊಂಡು ಇದನ್ನು ಪರೀಕ್ಷಿಸೋಣ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಕಾಡು ಬೆಟ್ಟಗಳ ನಡುವೆ ಕಾವೇರಿ ಹರಿಯುವೆಡೆಯಲ್ಲಿ ಮುತ್ತತ್ತಿ ಎಂಬ ಊರಿದೆ. ಸುತ್ತಲಿನ ಅರಣ್ಯ 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು. ನದಿಯ ದಡದಲ್ಲಿ ಆಂಜನೇಯನ ಗುಡಿ. ಭಕ್ತರ ಬಾಯಲ್ಲಿ ಆತ ಮುತ್ತತ್ತಿರಾಯ. ಸೀತಾದೇವಿ ಇಲ್ಲಿ ಸ್ನಾನಕ್ಕಿಳಿದಾಗ ಆಕೆಯ ಮೂಗುತಿಯ ಮುತ್ತು ನೀರಿನಲ್ಲಿ ಬಿದ್ದುಹೋಯಿತೆಂದೂ, ಹನುಮಂತನು ತನ್ನ ಬಾಲದಿಂದ ಮಡುವನ್ನು ಕಲಕಿ ಆ ಮುತ್ತನ್ನು ಎತ್ತಿ ತಂದನೆಂದೂ, ಅದರಿಂದ ಆತ ‘ಮುತ್ತೆತ್ತಿದ ರಾಯ’ನಾದನೆಂದೂ ಸ್ಥಳದ ಐತಿಹ್ಯ. ಮುತ್ತಲ್ಲ, ಉಂಗುರವೆಂದು ಹೇಳುವವರೂ ಉಂಟು. ಕಳೆದ ವಸ್ತು, ಅಪಾಯದ ನೀರು, ಧುಮುಕುವ ವೀರ, ಗೆಲವು: ಹೊಡೆದಾಟದ ಆಟಕ್ಕೆ ಬೇಕಾದ ಸಾಮಗ್ರಿಯೆಲ್ಲ ಈ ನಾಲ್ಕು ಸಾಲಿನಲ್ಲಿಯೇ ಇದೆ.

ಈ ಕಥೆಯನ್ನು ವಿಡಿಯೋ ಆಟವಾಗಿ ಮಾಡಿದೆವೆಂದು ಭಾವಿಸಿ. ಹುಡುಗನ ಬೆರಳು ಗುಂಡಿಯನ್ನೊತ್ತುತ್ತದೆ, ಹನುಮಂತ ಧುಮುಕುತ್ತಾನೆ. ಮೊದಲ ಸಲ ಸುಳಿ ಎಳೆದುಕೊಳ್ಳುತ್ತದೆ. ಎರಡನೆಯ ಸಲ ಬಂಡೆ ಬಡಿಯುತ್ತದೆ. ಮೂರನೆಯ ಸಲ ಮೊಸಳೆ ಬಾಯ್ತೆರೆಯುತ್ತದೆ. ಹತ್ತು ಬಾರಿ ಸೋತ ಹುಡುಗನಿಗೆ ಸುಳಿಯ ಲಯ ತಿಳಿಯುತ್ತದೆ, ಬಂಡೆಯ ಸ್ಥಾನ ತಿಳಿಯುತ್ತದೆ. ಹನ್ನೊಂದನೆಯ ಸಲ ಮುತ್ತು ಕೈಗೆ ಸಿಕ್ಕಾಗ ಅವನಿಗಾಗುವ ಆನಂದ ಹುಸಿಯಾದುದಲ್ಲ. ಅದು ಕಲಿತವನ ಆನಂದ. ಅಲ್ಲಿ ಸೀತೆ ಯಾರು, ಮುತ್ತು ಯಾರದು ಎಂಬುದು ಹೆಚ್ಚೇನೂ ಮುಖ್ಯವಲ್ಲ. ಮುತ್ತಿನ ಬೆಲೆಯನ್ನು ಹುಡುಗ ತನ್ನ ಹತ್ತು ಸೋಲುಗಳಿಂದಲೇ ಕಟ್ಟಿದ್ದಾನೆ.

ಈಗ ಇದನ್ನೇ ಚಿತ್ರ ಮಾಡಿ. ಹನುಮಂತ ಹತ್ತು ಸಲ ಧುಮುಕಿ ಹತ್ತು ಸಲ ಸೋಲುವುದನ್ನು ಕುಳಿತು ನೋಡುವವರಾರು? ಮೂರನೆಯ ಧುಮುಕಿಗೆ ಪ್ರೇಕ್ಷಕರು ಕಡಲೆಕಾಯಿ ಕೊಳ್ಳಲು ಹೊರಗೆ ಹೋಗಿರುತ್ತಾರೆ. ಒಂದೇ ಸಲಕ್ಕೆ ಎತ್ತಿಬಿಟ್ಟರೋ, ಇಷ್ಟು ಸುಲಭವಾದುದನ್ನು ತೋರಿಸಲು ಇಷ್ಟು ಖರ್ಚೇಕೆ ಎನಿಸುತ್ತದೆ. ಆಟದಲ್ಲಿ ಮುತ್ತಿಗೆ ಬೆಲೆ ತಂದಿತ್ತ ಬೆರಳುಗಳು ಇಲ್ಲಿ ಮಡಿಲಲ್ಲಿ ಸುಮ್ಮನೆ ಕುಳಿತಿವೆ. ಹಾಗಾದರೆ ಬೆಲೆಯನ್ನು ಬೇರೆಲ್ಲಿಂದಲೋ ತರಬೇಕು. ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಹುಡುಕದೆ ಕ್ಯಾಮರಾ ಹೂಡಿದವರೆಲ್ಲ ಸೋತಿದ್ದಾರೆ.

ಜಗತ್ತಿನ ಪ್ರಯತ್ನಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜಪಾನಿನ ನಿಂಟೆಂಡೋ ಸಂಸ್ಥೆಯ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ 1985ರಲ್ಲಿ ಬಂದಿತು. ಅದೇ ಹೆಸರಿನ ಹಾಲಿವುಡ್ ಚಿತ್ರ 1993ರಲ್ಲಿ. ಅಣಬೆಗಳನ್ನು ತುಳಿಯುತ್ತ ಕುಪ್ಪಳಿಸುವ ಬಣ್ಣಬಣ್ಣದ ಆಟವನ್ನು, ಡೈನೊಸಾರಿನ ವಂಶದವರು ಆಳುವ ಕತ್ತಲೆಯ ನಗರವೊಂದರ ಕಥೆಯಾಗಿ ಮಾರ್ಪಡಿಸಿದರು. ಹೆಸರುಗಳು ಉಳಿದವು, ನಲಿವು ಹೋಯಿತು, ಚಿತ್ರ ನೆಲಕಚ್ಚಿತು.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು: ಆಟವನ್ನು ಇದ್ದದ್ದು ಇದ್ದಂತೆಯೇ ತೋರಿಸಿಬಿಡುವುದು. 1993ರ ‘ಡೂಮ್’ ಆಟದಲ್ಲಿ ಆಟಗಾರನಿಗೆ ನಾಯಕನ ಮುಖ ಎದುರು ನಿಂತು ಕಾಣುವುದಿಲ್ಲ. ಮುಂದೆ ಚಾಚಿದ ಬಂದೂಕು, ಅದರಾಚೆ ಶತ್ರುಗಳು. 2005ರ ‘ಡೂಮ್’ ಚಿತ್ರದ ಕೊನೆಯ ಭಾಗದಲ್ಲಿ ಸುಮಾರು 5 ನಿಮಿಷ ಇದೇ ದೃಷ್ಟಿಯನ್ನು ಪರದೆಗೆ ತಂದರು. ನಾಯಕನ ಕಣ್ಣೇ ಕ್ಯಾಮರಾ. ಕೆಲಸದ ಕುಶಲತೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಆಡಬಲ್ಲ ಹುಡುಗನಿಗೆ ಅದು ಪಕ್ಕದ ಮನೆಯವನು ಆಡುವುದನ್ನು ಹೆಗಲ ಮೇಲಿಂದ ಇಣುಕಿದಂತೆ. ಕಣ್ಣನ್ನು ನಾಯಕನ ಸ್ಥಾನದಲ್ಲಿ ಇಟ್ಟ ಮಾತ್ರಕ್ಕೆ ಕೈ ಅಲ್ಲಿಗೆ ಹೋಗಲಿಲ್ಲ.

‘ಪ್ರಿನ್ಸ್ ಆಫ್ ಪರ್ಷಿಯ’ದ ಕಥೆ ಇನ್ನೂ ಬೋಧಪ್ರದವಾದುದು. ಜೋರ್ಡನ್ ಮೆಕ್ನರ್ ಎಂಬಾತ ರಚಿಸಿದ ಮೂಲ ಆಟ 1989ರದು. ಓಡುವುದು, ನೆಗೆಯುವುದು ಸಹಜವಾಗಿ ಕಾಣಲೆಂದು ಆತ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಚಿತ್ರೀಕರಿಸಿಕೊಂಡು ಅದರ ಮೇಲೆ ರಾಜಕುಮಾರನ ಚಲನೆಗಳನ್ನು ಬರೆದನು. 2003ರಲ್ಲಿ ಬಂದ ‘ಸ್ಯಾಂಡ್ಸ್ ಆಫ್ ಟೈಮ್’ ಆಟದಲ್ಲಿ ರಾಜಕುಮಾರನಿಗೆ ಮಾಯೆಯ ಕಠಾರಿಯೊಂದು ದೊರೆಯುತ್ತದೆ. ಅದರ ಹಿಡಿಯಲ್ಲಿರುವ ಮರಳು ಕಾಲವನ್ನು ಕೆಲವು ಕ್ಷಣ ಹಿಂದಕ್ಕೆ ತಿರುಗಿಸುತ್ತದೆ. ಆಟಗಾರ ತಪ್ಪಿ ಬಿದ್ದರೆ ಆ ಬೀಳುವಿಕೆಯನ್ನೇ ಅಳಿಸಬಹುದು. ಮರಳು ಮುಗಿದು ಸತ್ತೇಹೋದರೆ, ಕಥೆ ಹೇಳುತ್ತಿರುವ ರಾಜಕುಮಾರನೇ ಮಧ್ಯೆ ಬಾಯಿ ಹಾಕಿ, ನಡೆದದ್ದು ಹಾಗಲ್ಲವೆಂದು ತನ್ನ ಮಾತನ್ನು ತಿದ್ದಿಕೊಳ್ಳುತ್ತಾನೆ. ಆಟದೊಳಗೆ ಇದು ಎಷ್ಟು ಸೊಗಸಾದ ಉಪಾಯ! 2010ರಲ್ಲಿ ಚಿತ್ರವಾದಾಗ ಅದೇ ಕಠಾರಿ ಚಿತ್ರಕ್ಕೆ ಹೊರೆಯಾಯಿತು. ಕೊನೆಯಲ್ಲಿ ಕಾಲವೆಲ್ಲ ಹಿಂದಕ್ಕೆ ಸುತ್ತಿಕೊಂಡು, ಸತ್ತವರು ಬದುಕಿ ನಿಲ್ಲುತ್ತಾರೆ. ನಡೆದದ್ದು ನಡೆಯಲೇ ಇಲ್ಲವೆಂದಾಗುತ್ತದೆ. ಎರಡು ಗಂಟೆಯ ಹೊತ್ತು ಅವರಿಗಾಗಿ ಮರುಗಿದ ಪ್ರೇಕ್ಷಕನು ಆ ಮರುಕವನ್ನು ಯಾರಿಗೆ ಹಿಂದಿರುಗಿಸಬೇಕು?

ಆಟಕ್ಕೂ ಚಿತ್ರಕ್ಕೂ ನಡುವೆ ಇರುವ ಅಸಲಾದ ಕಂದಕ ಇದು. ಆಟದಲ್ಲಿ ಸಾವು ಅಗ್ಗ. ಅಗ್ಗವಾಗಿರಲೇಬೇಕು, ಇಲ್ಲವಾದರೆ ಹುಡುಗ ಕಲಿಯುವಂತಿಲ್ಲ. ಚಿತ್ರದಲ್ಲಿ ಸಾವು ತುಟ್ಟಿ. ತುಟ್ಟಿಯಾಗಿರಲೇಬೇಕು, ಇಲ್ಲವಾದರೆ ನೋಡುವವನ ಎದೆ ಮಿಡಿಯುವಂತಿಲ್ಲ. ಆಟವನ್ನು ಚಿತ್ರಕ್ಕೆ ತರುವವನ ಮೊದಲ ಕೆಲಸ ಹೊಡೆದಾಟವನ್ನು ಹೆಚ್ಚಿಸುವುದಲ್ಲ. ಕಳೆದರೆ ಮತ್ತೆ ಬಾರದಂಥದು ಯಾವುದೆಂದು ಗೊತ್ತುಮಾಡಿಕೊಳ್ಳುವುದು.

ಇದನ್ನು ಅರಿತ ಚಿತ್ರವೊಂದುಂಟು. ವಿಚಿತ್ರವೆಂದರೆ ಅದು ಯಾವ ಆಟದ ರೂಪಾಂತರವೂ ಅಲ್ಲ. 2014ರ ‘ಎಡ್ಜ್ ಆಫ್ ಟುಮಾರೋ’ 2004ರ ಜಪಾನೀ ಕಾದಂಬರಿಯೊಂದನ್ನು ಆಧರಿಸಿದ್ದು. ಅದರ ನಾಯಕ ಯುದ್ಧದಲ್ಲಿ ಸತ್ತಾಗಲೆಲ್ಲ ಹಿಂದಿನ ದಿನಕ್ಕೆ ಎಚ್ಚರಗೊಳ್ಳುತ್ತಾನೆ. ಸತ್ತು ಸತ್ತು ಯುದ್ಧ ಕಲಿಯುತ್ತಾನೆ. ಇದು ಆಟದ ಹುಡುಗನ ಅನುಭವವೇ ಹೌದು. ಆದರೆ ನಿರ್ಮಿಸಿದವರು ಜಾಣರು. ಕೊನೆಯ ಕಾಳಗಕ್ಕೆ ಮುಂಚೆ ನಾಯಕನ ಆ ಶಕ್ತಿಯನ್ನು ಕಿತ್ತುಕೊಳ್ಳುತ್ತಾರೆ: ಇನ್ನು ಸತ್ತರೆ ಸತ್ತಂತೆಯೇ. ಅಲ್ಲಿಯವರೆಗೆ ನಗುತ್ತಿದ್ದ ಪ್ರೇಕ್ಷಕ ಆ ಕ್ಷಣದಲ್ಲಿ ಕುರ್ಚಿಯ ತುದಿಗೆ ಬರುತ್ತಾನೆ. ಮುಕ್ತಾಯದಲ್ಲಿ ಕಾಲವನ್ನು ಮತ್ತೊಮ್ಮೆ ಹಿಂದಿರುಗಿಸಿ ಸುಖಾಂತಗೊಳಿಸಿದರೆಂಬುದು ನಿಜ. ಆದರೆ ಪ್ರೇಕ್ಷಕನ ಎದೆಯನ್ನು ಅದಕ್ಕೆ ಮುಂಚೆಯೇ ಗೆದ್ದಿದ್ದರು.

ಈ ಜಾಣತನ ನಮಗೆ ಹೊಸದೇ? ಆಟವನ್ನು ಕಥೆ ಮಾಡುವ ಕಷ್ಟವನ್ನು ನಮ್ಮವರು ಬಹು ಹಿಂದೆಯೇ ಎದುರಿಸಿದ್ದಾರೆ. ಮಹಾಭಾರತದ ದ್ಯೂತಪ್ರಸಂಗವನ್ನು ನೆನೆಯಿರಿ. ಅದು ಆಟದ ಕಥೆಯಲ್ಲದೆ ಮತ್ತೇನು? ಆದರೆ ವ್ಯಾಸರು ದಾಳ ಹೇಗೆ ಉರುಳಿತು, ಯಾವ ಗರ ಬಿದ್ದಿತು ಎಂದು ವಿವರಿಸುತ್ತ ಕೂರುವುದಿಲ್ಲ. ಧರ್ಮರಾಯ ಪಣವೊಡ್ಡುತ್ತಾನೆ, ಶಕುನಿ ಗೆದ್ದೆನೆನ್ನುತ್ತಾನೆ, ಮತ್ತೆ ಪಣ. ಹೊನ್ನು ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನು ಹೋದ, ಕಡೆಗೆ ದ್ರೌಪದಿ. ಕವಿಯ ಕಣ್ಣು ದಾಳದ ಮೇಲಿಲ್ಲ, ಪಣದ ಮೇಲಿದೆ.

ಅಷ್ಟೇ ಅಲ್ಲ. ಧೃತರಾಷ್ಟ್ರನು ಹೆದರಿ, ಸೋತದ್ದನ್ನೆಲ್ಲ ಹಿಂದಕ್ಕೆ ಕೊಡುತ್ತಾನೆ. ಈಗಿನ ಹುಡುಗರ ಮಾತಿನಲ್ಲಿ ಹೇಳುವುದಾದರೆ, ಪಾಂಡವರಿಗೆ ಇನ್ನೊಂದು ಲೈಫು ಸಿಕ್ಕಿತು. ಅವರು ಎರಡನೆಯ ಬಾರಿ ಆಡಲು ಬಂದೂ ಬಂದರು. ಸೋತು ಹನ್ನೆರಡು ವರ್ಷ ವನವಾಸಕ್ಕೂ ಒಂದು ವರ್ಷ ಅಜ್ಞಾತಕ್ಕೂ ಹೋದರು. ಆದರೆ ಆ ಎರಡು ಆಟಗಳ ನಡುವೆ ಮರಳಿ ಬಾರದಂಥದು ಒಂದು ನಡೆದುಹೋಗಿತ್ತು. ಹೊನ್ನನ್ನು ಹಿಂದಿರುಗಿಸಬಹುದು, ರಾಜ್ಯವನ್ನು ಹಿಂದಿರುಗಿಸಬಹುದು. ತುಂಬಿದ ಸಭೆಯಲ್ಲಿ ದ್ರೌಪದಿಗೆ ಆದ ಅವಮಾನವನ್ನು ಹಿಂದಿರುಗಿಸಿ ಕೊಳ್ಳಬಲ್ಲ ದೊರೆ ಯಾವನೂ ಇಲ್ಲ. ಕುರುಕ್ಷೇತ್ರಕ್ಕೆ ಬೀಜ ಬಿದ್ದದ್ದು ಅಲ್ಲಿ. ಆಟವನ್ನು ಮತ್ತೆ ಆಡಬಹುದು, ಆದದ್ದನ್ನು ಅಳಿಸಲಾಗದು. ಈ ಒಂದು ಸೂತ್ರವನ್ನು ಅರಿತಿದ್ದರೆ ಹಾಲಿವುಡ್ಡಿನ ಎಷ್ಟೋ ಹಣ ಉಳಿಯುತ್ತಿತ್ತು.

ಕೈಗೆ ಸಿಕ್ಕುವುದನ್ನು ಕಣ್ಣಿಗೆ ಒಪ್ಪಿಸುವ ಈ ಕಷ್ಟದ ಒಂದು ರೂಪವನ್ನು ಕನ್ನಡ ಚಿತ್ರರಂಗವೂ ತನ್ನ ಎಳವೆಯಲ್ಲಿ ಕಂಡಿದೆ. ಈ ಮಾತಿಗೂ ಮುತ್ತತ್ತಿಗೂ ಒಂದು ನಂಟಿದೆ. 1929ರಲ್ಲಿ ಗಾಜನೂರಿನಲ್ಲಿ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಿಗೆ ಹುಟ್ಟಿದ ಮಗನಿಗೆ ಮುತ್ತತ್ತಿರಾಯನ ಹೆಸರಿನಿಂದ ಮುತ್ತುರಾಜನೆಂದು ಕರೆದರು. ಆ ಮುತ್ತುರಾಜನೇ 1954ರಲ್ಲಿ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರರಾದುದು. ಚಿತ್ರದ ಕಥೆ ಗುಬ್ಬಿ ಕಂಪೆನಿಯ ರಂಗದಿಂದ ಬಂದದ್ದು.

ಕಂಪೆನಿ ನಾಟಕ ಕಂಡವರಿಗೆ ಗೊತ್ತು: ಅಲ್ಲಿ ಪ್ರೇಕ್ಷಕನ ಕೈ ಸುಮ್ಮನಿರುತ್ತಿರಲಿಲ್ಲ. ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡು ಮರಳಿ ಬರುತ್ತಿತ್ತು. ಒಮ್ಮೊಮ್ಮೆ ರಂಗದ ಮೇಲೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ನಿಂತು, ಹಾಡಿ, ಮತ್ತೆ ಸಾಯುತ್ತಿದ್ದನೆಂದು ಹಳಬರು ನಗುತ್ತ ಹೇಳುವುದುಂಟು. ಚಲನಚಿತ್ರ ಬಂದು ಈ ಅಧಿಕಾರವನ್ನು ಕಿತ್ತುಕೊಂಡಿತು. ಬಿಳಿಯ ಪರದೆಗೆ ಎಷ್ಟು ಕೂಗಿದರೂ ಅದು ಕಿವಿಗೊಡದು. ಹಾಗೆ ಕಿತ್ತುಕೊಂಡದ್ದಕ್ಕೆ ಬದಲಾಗಿ ಚಿತ್ರ ಏನನ್ನಾದರೂ ಕೊಡಬೇಕಾಗಿತ್ತು; ಕೊಟ್ಟಿತು. ಕಡೆಯ ಬೆಂಚಿನವನಿಗೂ ನಟನ ಮುಖವನ್ನು ಒಂದು ಮೊಳದ ಅಂತರಕ್ಕೆ ತಂದಿತು. ಕಣ್ಣಪ್ಪ ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಡುವವನು. ಮತ್ತೆ ಪಡೆಯುವೆನೆಂಬ ಆಸೆಯಿಂದ ಕೊಟ್ಟವನಲ್ಲ. ಅಂಥ ಕಥೆಯೊಂದು ಪರದೆಗೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. ಮೂರು ಕಣ್ಣಿರುವ ಆಟದ ನಾಯಕನೊಬ್ಬ ಒಂದನ್ನು ಕೊಟ್ಟು ಮುಂದಿನ ಸುತ್ತಿನಲ್ಲಿ ಮರಳಿ ಪಡೆಯುವಂತಿದ್ದರೆ, ಅವನಿಗೆ ಯಾರೂ ಗುಡಿ ಕಟ್ಟುತ್ತಿರಲಿಲ್ಲ.

ಹಾಗಾದರೆ ಆಟದಿಂದ ಬಂದ ಕಥೆ ಕೈಯನ್ನು ಕಿತ್ತುಕೊಂಡು ಏನನ್ನು ಕೊಡಬೇಕು? ಒಂದು ನಿದರ್ಶನ 2023ರಲ್ಲಿ ದೊರೆಯಿತು. ‘ದಿ ಲಾಸ್ಟ್ ಆಫ್ ಅಸ್’ 2013ರ ಆಟ. ಅದನ್ನು ಬರೆದ ನೀಲ್ ಡ್ರಕ್‌ಮನ್, ಕ್ರೇಗ್ ಮೇಜಿನ್ ಎಂಬವರೊಡನೆ ಸೇರಿ ದೂರದರ್ಶನದ ಧಾರಾವಾಹಿಯಾಗಿ ರೂಪಿಸಿದರು. ರೋಗವೊಂದು ಲೋಕವನ್ನು ಹಾಳುಗೆಡವಿದ ರಾತ್ರಿ ಜೋಯಲ್ ಎಂಬ ತಂದೆ ತನ್ನ ಮಗಳನ್ನು ಕಳೆದುಕೊಳ್ಳುತ್ತಾನೆ. ವರ್ಷಗಳ ತರುವಾಯ ಎಲ್ಲಿಯದೋ ಹುಡುಗಿಯೊಬ್ಬಳನ್ನು ಕಾಪಾಡಿ ಸಾಗಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಆಟ ಆ ರಾತ್ರಿಯಿಂದಲೇ ತೊಡಗುತ್ತದೆ. ಮೊದಲಲ್ಲಿ ಆ ಮಗಳನ್ನು ನಡೆಸುವುದು ಆಟಗಾರನ ಬೆರಳೇ. ಧಾರಾವಾಹಿಗೆ ಆ ಬೆರಳಿಲ್ಲ. ಅದಕ್ಕೆ ಪ್ರತಿಯಾಗಿ ಅವರು ಒಂದು ಹಗಲನ್ನು ಸೇರಿಸಿದರು. ಅಂದು ತಂದೆಯ ಹುಟ್ಟುಹಬ್ಬ. ಮಗಳು ಬೆಳಗಿನ ತಿಂಡಿ ಮುಗಿಸಿ ಶಾಲೆಗೆ ಹೋಗುತ್ತಾಳೆ; ಕೆಟ್ಟುಹೋದ ತಂದೆಯ ಕೈಗಡಿಯಾರವನ್ನು ಅಂಗಡಿಗೆ ಕೊಂಡೊಯ್ದು ದುರಸ್ತಿ ಮಾಡಿಸುತ್ತಾಳೆ; ನೆರೆಮನೆಯವರನ್ನು ಕಂಡುಬರುತ್ತಾಳೆ. ಹೊಡೆದಾಟವಿಲ್ಲ, ಓಟವಿಲ್ಲ. ಆದರೆ ರಾತ್ರಿ ಆಕೆ ತಂದೆಯ ತೋಳಿನಲ್ಲಿ ಪ್ರಾಣ ಬಿಟ್ಟಾಗ ನಮ್ಮ ಮನೆಯ ಹುಡುಗಿಯನ್ನೇ ಕಳೆದುಕೊಂಡಂತಾಗುತ್ತದೆ. ಕೈಯನ್ನು ಕಿತ್ತುಕೊಂಡವರು ಬದಲಿಗೆ ನೆನಪನ್ನು ಕೊಟ್ಟರು.

ಹಣದ ಮಾತೆತ್ತಿ ಇದನ್ನು ಪ್ರಶ್ನಿಸುವವರಿರಬಹುದು. 1993ರಲ್ಲಿ ಸೋತ ಅದೇ ಮಾರಿಯೋ 2023ರಲ್ಲಿ ವ್ಯಂಗ್ಯಚಿತ್ರದ ರೂಪದಲ್ಲಿ ಬಂದು ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತಲ್ಲ, ಅಲ್ಲಿ ಯಾವ ಸಾವಿನ ಭಾರವಿತ್ತು ಎಂದು. ನಿಜ, ಇರಲಿಲ್ಲ. ಅದು ನಗೆಯ ಚಿತ್ರ. ಆಟದ ನಲಿವನ್ನೂ ಬಣ್ಣವನ್ನೂ ಕೆಡಿಸದೆ ಉಳಿಸಿಕೊಂಡಿತು. ಮಕ್ಕಳೊಡನೆ ಒಂದು ಕಾಲದಲ್ಲಿ ತಾವೂ ಆಡಿದ್ದ ತಂದೆತಾಯಿಗಳು ಬಂದು ಕುಳಿತರು. ನಗಿಸುವವನಿಗೆ ಒಂದು ನ್ಯಾಯ, ಕತ್ತಿ ಹಿರಿದವನಿಗೆ ಇನ್ನೊಂದು. ಕತ್ತಿ ಹಿರಿದ ಮೇಲೆ ರಕ್ತಕ್ಕೆ ಬೆಲೆ ಕಟ್ಟಲೇಬೇಕು.

ಮುತ್ತತ್ತಿಯ ಮುತ್ತಿಗೆ ಚಿತ್ರದಲ್ಲಿ ಬೆಲೆಯನ್ನು ಎಲ್ಲಿಂದ ತರುವುದೆಂದು ಕೇಳಿದೆವಷ್ಟೆ. ಹನುಮಂತನ ಪ್ರಾಣಭಯದಿಂದ ತರಲಾಗದು, ಆತ ಚಿರಂಜೀವಿ. ಯೋಚಿಸಿದರೆ, ವಿಡಿಯೋ ಆಟದ ಪ್ರತಿಯೊಬ್ಬ ನಾಯಕನೂ ಒಂದು ಬಗೆಯ ಚಿರಂಜೀವಿಯೇ: ಎಷ್ಟು ಸತ್ತರೂ ಸಾಯದವನು. ಚಿರಂಜೀವಿಯ ಕಥೆಯನ್ನು ಹೇಳುವ ಬಗೆ ನಮ್ಮ ಊರಿನ ಅಜ್ಜಿಯರಿಗೆ ತಿಳಿದಿತ್ತು. ಅವರು ಹನುಮಂತನ ಸಾಹಸವನ್ನು ಎರಡು ಮಾತಿನಲ್ಲಿ ಮುಗಿಸಿ, ಸೀತೆಯ ಬರಿದಾದ ಮೂಗಿನ ಮೇಲೆ ಕಥೆಯನ್ನು ನಿಲ್ಲಿಸುತ್ತಿದ್ದರು. ಎಲ್ಲವನ್ನೂ ಒಮ್ಮೆ ಕಳೆದುಕೊಂಡು ಬಂದ ಹೆಣ್ಣು. ಉಳಿದಿರುವ ಮಂಗಳದ ಕುರುಹೊಂದು ಈಗ ನೀರುಪಾಲು. ಆ ಮುಖವನ್ನು ನೋಡಲಾರದೆ ಧುಮುಕಿದವನು ಹನುಮಂತ. ಆತನಿಗೆ ಸಾವಿಲ್ಲದಿರಬಹುದು, ಸೀತೆಯ ಕಣ್ಣೀರಿಗೆ ಎರಡನೆಯ ಲೈಫಿಲ್ಲ. ಆಟವನ್ನು ಚಿತ್ರ ಮಾಡಹೊರಡುವವರು ಧುಮುಕುವ ವೀರನ ಸ್ನಾಯುಗಳನ್ನು ತುಸು ಬಿಟ್ಟು, ದಡದ ಮೇಲೆ ನಿಂತವಳ ಮುಖಕ್ಕೆ ಕ್ಯಾಮರಾವನ್ನು ತಿರುಗಿಸಲಿ.

ಇದು ಬರಿಯ ಸಿನಿಮಾದ ಮಾತಲ್ಲ. ಮುತ್ತತ್ತಿಯ ಕಾವೇರಿ ನೋಟಕ್ಕೆ ಸೌಮ್ಯೆ. ಒಳಗೆ ಬಂಡೆಗಳುಂಟು, ಸೆಳವುಂಟು, ಸುಳಿಯುಂಟು. ರಜೆಯ ದಿನ ಗೆಳೆಯರೊಡನೆ ಹೋಗಿ ನೀರಿಗಿಳಿದ ಎಳೆಯರು ಮರಳಿ ಮೇಲೆ ಬಾರದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದೇವೆ. ಆ ಸಾವುಗಳಿಗೆ ವಿಡಿಯೋ ಆಟ ಕಾರಣವೆಂದು ನಾನು ಹೇಳಲಾರೆ. ಆಟಗಳು ಹುಟ್ಟುವ ಮುಂಚೆಯೂ ನದಿ ಹೀಗೆಯೇ ಇತ್ತು, ಹರೆಯವೂ ಹೀಗೆಯೇ ಇತ್ತು. ಆಟದ ಸಾವು ಬೇರೆ, ನದಿಯ ಸಾವು ಬೇರೆಯೆಂದು ನಮ್ಮ ಮಕ್ಕಳ ಬುದ್ಧಿ ಚೆನ್ನಾಗಿ ಬಲ್ಲದು. ಬುದ್ಧಿ ಬಲ್ಲದ್ದನ್ನು ಎದೆಗೂ ತಿಳಿಸುವುದು ಕಥೆಯ ಕೆಲಸ. ಸೋತರೆ ಮತ್ತೆ ಎದ್ದು ಆಡೆಂದು ಆಟ ಕಲಿಸಲಿ. ಅದು ಸಣ್ಣ ಪಾಠವಲ್ಲ. ಕೆಲವನ್ನು ಕಳೆದರೆ ಮತ್ತೆ ಪಡೆಯಲಾಗದೆಂಬ ಪಾಠವನ್ನು ಚಿತ್ರ ಕಲಿಸಲಿ. ಮುತ್ತನ್ನು ಎತ್ತಿ ತರಲು ಮುತ್ತತ್ತಿರಾಯನಿದ್ದಾನೆ. ಮಕ್ಕಳನ್ನು ನೀರಿಗಿಳಿಯದಂತೆ ದಡದಲ್ಲಿ ತಡೆಯಬೇಕಾದವರು ನಾವೇ.